ಸುಟ್ಟಗಾಯ, ಮೆದುಳು ಮತ್ತು ವಿಟಮಿನ್ ಸಿ ಡ್ರಿಪ್

ಮಾನ್ಯ ಸಂಪಾದಕರೇ,

ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುಟ್ಟವರು ಎರಡನೇ ಮೂರನೇ ದಿನಕ್ಕೆ ಅಸಂಬದ್ಧವಾಗಿ ಮಾತಾಡುವುದು, ಮನೆಯವರ ಗುರುತು ಹಿಡಿಯದಿರುವುದು, ಮೂಗಿನ ನಳಿಕೆ ಕಿತ್ತೆಸೆಯುವುದು, ಕೆಲವೊಮ್ಮೆ ಫಿಟ್ಸ್ ಬಂದು ಮಂಪರಿಗೆ ಜಾರುವುದು ಅಪರೂಪವೇನಲ್ಲ. ಆ ಹೊತ್ತಿಗೆ ಬಂಧುಗಳು ‘ಮೆದುಳನ್ನು ಕಾಪಾಡುವ ಆಂಟಿಆಕ್ಸಿಡೆಂಟ್ ಚಿಕಿತ್ಸೆ’ಯ ಬಗ್ಗೆ, ಅದರಲ್ಲೂ ವಿಟಮಿನ್ ಸಿ ಡ್ರಿಪ್ ಬಗ್ಗೆ ಎಲ್ಲೋ ಓದಿರುತ್ತಾರೆ. ‘ಅದನ್ನು ಯಾಕೆ ಕೊಡುತ್ತಿಲ್ಲ?’ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಚಿಕಿತ್ಸೆಯ ಬಗ್ಗೆ ಹರಿದಾಡುವ ಬರಹಗಳು ಅರ್ಧ ಮಾತು ಹೇಳಿ ನಿಲ್ಲಿಸುತ್ತವೆ. ಉಳಿದರ್ಧವನ್ನು ಓದುಗರ ಮುಂದಿಡಲು ಈ ಪತ್ರ.

ಸುಟ್ಟ ದೇಹದಲ್ಲಿ ಹುಟ್ಟುವ ಮುಕ್ತ ರ‍್ಯಾಡಿಕಲ್ ಎಂಬ ಉಗ್ರ ಕಣಗಳು ಮೆದುಳನ್ನು ಕೆಡಿಸುತ್ತವೆ, ಆಂಟಿಆಕ್ಸಿಡೆಂಟ್ ಅವನ್ನು ತಣಿಸುತ್ತದೆ ಎಂಬ ಆ ಬರಹಗಳ ಮೂಲ ತತ್ವ ಸುಳ್ಳಲ್ಲ. ಚರ್ಮ ದೊಡ್ಡ ಪ್ರಮಾಣದಲ್ಲಿ ಸುಟ್ಟಾಗ ಬಿಳಿರಕ್ತಕಣಗಳು ಕೆರಳುತ್ತವೆ, ರಕ್ತ ಸರಿಯಾಗಿ ಹರಿಯದ ಅಂಗಾಂಶಗಳಿಗೆ ಮತ್ತೆ ಆಮ್ಲಜನಕ ಸಿಕ್ಕಾಗ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಚುರುಕಾಗುತ್ತದೆ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹದ ತಪ್ಪುತ್ತದೆ. ಈ ಮೂರೂ ಕಡೆಯಿಂದ ಸೂಪರ್‌ಆಕ್ಸೈಡ್, ಹೈಡ್ರಾಕ್ಸಿಲ್‌ನಂಥ ಮುಕ್ತ ರ‍್ಯಾಡಿಕಲ್‌ಗಳು ಸುರಿಯುತ್ತವೆ. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಅದು ಇನ್ನೂ ಅಪಾಯಕಾರಿ. ಮೆದುಳಿಗೆ ಇದರ ಪೆಟ್ಟು ಹೆಚ್ಚು. ದೇಹದ ತೂಕದ ಶೇ 2ರಷ್ಟಿರುವ ಅಂಗ ಶೇ 20ರಷ್ಟು ಆಮ್ಲಜನಕ ಬಳಸುತ್ತದೆ. ಅದರ ಪೊರೆಗಳಲ್ಲಿ ಬೇಗ ಕೆಡುವ ಅಪರ್ಯಾಪ್ತ ಕೊಬ್ಬು ಜಾಸ್ತಿ, ರಕ್ಷಣೆಗೆ ಬೇಕಾದ ಕ್ಯಾಟಲೇಸ್ ಕಿಣ್ವ ಕಡಿಮೆ. ರಕ್ತ ಮತ್ತು ಮೆದುಳಿನ ನಡುವಿನ ತಡೆ ಸಡಿಲವಾಗಿ ನೀರು ಸೋರುತ್ತದೆ, ಊತ ಬರುತ್ತದೆ. ಪ್ರಾಣಿಪ್ರಯೋಗಗಳಲ್ಲಿ ಇದೆಲ್ಲ ಚೆನ್ನಾಗಿ ಕಂಡಿದೆ. ಆಂಟಿಆಕ್ಸಿಡೆಂಟ್ ಕೊಟ್ಟಾಗ ಹಾನಿ ತಗ್ಗಿದ್ದೂ ಕಂಡಿದೆ. ತೊಡಕು ಶುರುವಾಗುವುದು ಇಲಿಯಿಂದ ಮನುಷ್ಯರಿಗೆ ಬರುವಾಗ.

ರೋಗಿಯ ಪ್ರಜ್ಞೆ ಕೆಟ್ಟರೆ ಅದನ್ನು ‘ಆಕ್ಸಿಡೇಟಿವ್ ಸ್ಟ್ರೆಸ್’ (ಮುಕ್ತ ರ‍್ಯಾಡಿಕಲ್‌ಗಳ ಹಾವಳಿ) ಎಂದು ಹೆಸರಿಟ್ಟು ಡ್ರಿಪ್ ಏರಿಸುವುದು ಸುಲಭ. ಆ ಹೆಸರಿನ ಹಿಂದೆ ಕೈಗೆ ಸಿಗುವ, ಇಂದೇ ಸರಿಪಡಿಸಬಹುದಾದ ಏಳೆಂಟು ಕಾರಣಗಳು ಅಡಗಿ ಕೂತಿರುತ್ತವೆ. ಅವುಗಳಲ್ಲಿ ಮೊದಲನೆಯದು ಹೊಗೆ. ಮುಚ್ಚಿದ ಕೋಣೆಯಲ್ಲಿ ಬೆಂಕಿಗೆ ಸಿಕ್ಕವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ಗೆ ಈ ಎರಡರ ವ್ಯತ್ಯಾಸ ತಿಳಿಯದು. ಕಾಲುಭಾಗ ಹಿಮೋಗ್ಲೋಬಿನ್ ವಿಷಕ್ಕೆ ಹೋಗಿದ್ದರೂ ಪರದೆಯ ಮೇಲೆ 98 ಎಂದೇ ತೋರಿಸೀತು. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್‌ನಲ್ಲಿ ರಕ್ತ ಪರೀಕ್ಷಿಸಬೇಕು. ಅದರ ಫಲಿತಾಂಶಕ್ಕೂ ಕಾಯದೆ, ಚೀಲವಿರುವ ಮಾಸ್ಕ್‌ನಲ್ಲೋ ಉಸಿರಾಟದ ಕೊಳವೆಯಲ್ಲೋ ಶೇ 100 ಆಮ್ಲಜನಕ ಕೊಡಬೇಕು. ಹೊರಗಿನ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು 4ರಿಂದ 6 ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕದಲ್ಲಿ 60ರಿಂದ 90 ನಿಮಿಷ ಸಾಕು. ಮೆದುಳಿನ ಮಟ್ಟಿಗೆ ಇಷ್ಟು ಕೆಲಸ ಮಾಡುವ ಆಂಟಿಆಕ್ಸಿಡೆಂಟ್ ಯಾವುದೂ ಇಲ್ಲ. ಹಾಗೆಂದು ಶೇ 100 ಆಮ್ಲಜನಕವನ್ನು ದಿನಗಟ್ಟಲೆ ಹರಿಸುವುದೂ ತಪ್ಪು: ವಿಷ ಇಳಿದ ಮೇಲೂ ಹೆಚ್ಚುವರಿ ಆಮ್ಲಜನಕ ಕೊಟ್ಟರೆ ಅದೇ ಮುಕ್ತ ರ‍್ಯಾಡಿಕಲ್‌ಗಳಿಗೆ ಮೇವಾಗುತ್ತದೆ. ಒಂದು ಕೈಯಲ್ಲಿ ಆಂಟಿಆಕ್ಸಿಡೆಂಟ್ ಸುರಿದು ಇನ್ನೊಂದು ಕೈಯಲ್ಲಿ ಬೇಡದ ಆಮ್ಲಜನಕ ತುಂಬುವ ದೃಶ್ಯ ಐಸಿಯುಗಳಲ್ಲಿ ಕಾಣದ್ದೇನಲ್ಲ.

ಫೋಮ್ ಹಾಸಿಗೆ, ಪ್ಲಾಸ್ಟಿಕ್, ಉಣ್ಣೆ ಉರಿದಿದ್ದರೆ ಹೊಗೆಯಲ್ಲಿ ಸಯನೈಡ್ ಕೂಡ ಇರುತ್ತದೆ. ಮೂಗು ಬಾಯಲ್ಲಿ ಮಸಿ, ಮಂಕಾದ ಪ್ರಜ್ಞೆ, ಬಿದ್ದ ರಕ್ತದೊತ್ತಡ, ರಕ್ತದಲ್ಲಿ ಲ್ಯಾಕ್ಟೇಟ್ (ಜೀವಕೋಶಗಳಿಗೆ ಆಮ್ಲಜನಕ ದಕ್ಕದಾಗ ಏರುವ ವಸ್ತು) ಲೀಟರಿಗೆ 8–10 ಮಿಲಿಮೋಲ್ ದಾಟಿದ್ದು: ಇವು ಒಟ್ಟಿಗೆ ಕಂಡರೆ ಸಯನೈಡ್ ಎಂದೇ ತಿಳಿದು ಅದರ ಪ್ರತಿವಿಷವಾದ ಹೈಡ್ರಾಕ್ಸೊಕೊಬಾಲಮಿನ್ ಕೊಡಬೇಕು. ದೊಡ್ಡವರಿಗೆ 5 ಗ್ರಾಂ, ಮಕ್ಕಳಿಗೆ ಕೆ.ಜಿ.ಗೆ 70 ಮಿ.ಗ್ರಾಂ, 15 ನಿಮಿಷದಲ್ಲಿ ರಕ್ತನಾಳದ ಮೂಲಕ. ಪರೀಕ್ಷೆಯ ರಕ್ತವನ್ನು ಅದಕ್ಕೂ ಮೊದಲೇ ತೆಗೆದಿಡಬೇಕು. ಯಾಕೆಂದರೆ ಈ ಔಷಧಿ ರಕ್ತ, ಚರ್ಮ, ಮೂತ್ರ ಎಲ್ಲವನ್ನೂ ಕೆಂಪು ಮಾಡುತ್ತದೆ, ಬಣ್ಣ ನೋಡಿ ಲೆಕ್ಕ ಹಾಕುವ ಪರೀಕ್ಷೆಗಳೂ ಕೋ-ಆಕ್ಸಿಮೀಟರೂ ದಾರಿ ತಪ್ಪುತ್ತವೆ. ಡಯಾಲಿಸಿಸ್ ಯಂತ್ರ ರಕ್ತ ಸೋರುತ್ತಿದೆಯೆಂದು ಕೂಗಿಕೊಂಡು ನಿಂತುಬಿಡುವುದೂ ಉಂಟು.

ಎರಡನೆಯದು ದ್ರವದ ಲೆಕ್ಕ. 60 ಕೆ.ಜಿ. ತೂಕದವರಿಗೆ ಶೇ 40ರಷ್ಟು ಸುಟ್ಟಿದ್ದರೆ ಪಾರ್ಕ್‌ಲ್ಯಾಂಡ್ ಸೂತ್ರದಂತೆ (4 ಮಿ.ಲೀ. × ತೂಕ × ಸುಟ್ಟ ಶೇಕಡಾ) 4 × 60 × 40, ಅಂದರೆ 9,600 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ ಮೊದಲ 24 ಗಂಟೆಗೆ. ಅರ್ಧ ಮೊದಲ 8 ಗಂಟೆಯಲ್ಲಿ. ಈ 8 ಗಂಟೆ ಶುರುವಾಗುವುದು ಬೆಂಕಿ ತಗುಲಿದ ಕ್ಷಣದಿಂದ. ಆಸ್ಪತ್ರೆಗೆ 3 ಗಂಟೆ ತಡವಾಗಿ ಬಂದರೆ ಉಳಿದ 5 ಗಂಟೆಯಲ್ಲಿ 4,800 ಮಿ.ಲೀ. ಹೋಗಬೇಕು. ಈಗ ಅನೇಕರು 4ರ ಬದಲು 2ರಿಂದ ಶುರುಮಾಡಿ ಮೂತ್ರದ ಪ್ರಮಾಣ ನೋಡಿ ಏರಿಸುತ್ತಾರೆ, ಅದು ಒಳ್ಳೆಯ ಅಭ್ಯಾಸ. ದೊಡ್ಡವರಿಗೆ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ., ಮಕ್ಕಳಿಗೆ 1 ಮಿ.ಲೀ. ಮೂತ್ರ ಗುರಿ. ಕಡಿಮೆ ಕೊಟ್ಟರೆ ಮೆದುಳಿಗೆ ರಕ್ತ ಸಾಲದು, ಮಿತಿ ಮೀರಿದರೆ ಎಲ್ಲೆಡೆ ಊತ. ಮೂತ್ರದ ಈ ಲೆಕ್ಕ ನೆನಪಿರಲಿ, ವಿಟಮಿನ್ ಸಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಸೋಡಿಯಂ ಕುಸಿದರೆ, ಅದರಲ್ಲೂ ಮಕ್ಕಳಿಗೆ ಬರೀ ಡೆಕ್ಸ್‌ಟ್ರೋಸ್ ನೀರು ಏರಿಸಿದ್ದರೆ, ಫಿಟ್ಸ್ ಬರುತ್ತದೆ. ಅದನ್ನು ಅವಸರದಲ್ಲಿ ಮೇಲೆತ್ತಿದರೆ ಮೆದುಳಿನ ಬುಡದ ನರಗಳ ಕವಚವೇ ಕಳಚುತ್ತದೆ. 24 ಗಂಟೆಯಲ್ಲಿ 8–10 ಮಿಲಿಮೋಲ್‌ಗಿಂತ ಹೆಚ್ಚು ಏರಿಸಬಾರದು. ನಂಜು (ಸೋಂಕು ಮೈಗೆಲ್ಲ ಏರಿದ್ದು), ರಕ್ತದಲ್ಲಿ ಸಕ್ಕರೆ ಇಳಿದದ್ದು, ಕಿಡ್ನಿ ಸೋತಾಗ ದೇಹದಲ್ಲೇ ಉಳಿದುಬಿಡುವ ಸೆಫೆಪೈಮ್ ಎಂಬ ಆಂಟಿಬಯೋಟಿಕ್ ಅಥವಾ ಪೆಥಿಡಿನ್ ಎಂಬ ನೋವಿನ ಔಷಧಿ, ನಿದ್ದೆಗೆಂದು ಕೊಟ್ಟ ಮಿಡಜೋಲಮ್, ಸರಿಯಾಗಿ ತಗ್ಗಿಸದ ನೋವು, ರಾತ್ರಿಯಿಡೀ ಉರಿಯುವ ದೀಪ: ಪಟ್ಟಿ ಇನ್ನೂ ಇದೆ. ಒಂದೊಂದು ಪಾಳಿಯಲ್ಲೂ ಸಿಎಎಂ-ಐಸಿಯು ಪ್ರಶ್ನಾವಳಿ ಹಿಡಿದು ಸನ್ನಿ ಇದೆಯೇ ಎಂದು ದಾದಿಯರು ಪರೀಕ್ಷಿಸಲು ಐದು ನಿಮಿಷವೂ ಬೇಡ. ಕೂಗಾಡುವ ರೋಗಿಯ ಸನ್ನಿ ಎಲ್ಲರಿಗೂ ಕಾಣುತ್ತದೆ; ಸುಮ್ಮನೆ ಚಾವಣಿ ನೋಡುತ್ತ ಮಲಗಿರುವವರ ಸನ್ನಿ ಪರೀಕ್ಷಿಸದೆ ತಿಳಿಯುವುದಿಲ್ಲ.

ಇನ್ನು ವಿಟಮಿನ್ ಸಿ. ಇದರ ಖ್ಯಾತಿಗೆ ಕಾರಣವಾದದ್ದು ಜಪಾನಿನ ತನಕಾ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಶೇ 30ಕ್ಕಿಂತ ಹೆಚ್ಚು ಸುಟ್ಟ 37 ರೋಗಿಗಳು. ಒಂದು ಗುಂಪಿಗೆ ಗಂಟೆಗೆ ಕೆ.ಜಿ.ಗೆ 66 ಮಿ.ಗ್ರಾಂನಂತೆ 24 ಗಂಟೆ ವಿಟಮಿನ್ ಸಿ. ಆ ಗುಂಪಿಗೆ ಬೇಕಾದ ದ್ರವ ಪ್ರತಿ ಕೆ.ಜಿ.ಗೆ, ಪ್ರತಿ ಶೇಕಡಾ ಸುಟ್ಟಗಾಯಕ್ಕೆ 5.5 ಮಿ.ಲೀ.ಯಿಂದ 3 ಮಿ.ಲೀ.ಗೆ ಇಳಿಯಿತು, ವೆಂಟಿಲೇಟರ್ ದಿನಗಳೂ ಇಳಿದವು. ಸಾವಿನ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಬರಲಿಲ್ಲ. ಮೆದುಳು ಆ ಅಧ್ಯಯನದ ವಿಷಯವೇ ಆಗಿರಲಿಲ್ಲ. 37 ಜನರ ಮೇಲಿನ ಫಲಿತಾಂಶವನ್ನು ಹಿಡಿದು ‘ಮೆದುಳು ಉಳಿಸುತ್ತದೆ’ ಎನ್ನುವವರು ಮೂಲ ಪ್ರಬಂಧ ಓದಿಲ್ಲವೆಂದೇ ಅರ್ಥ.

ಪ್ರಮಾಣ ಎಷ್ಟು ದೊಡ್ಡದೆಂದು ಒಮ್ಮೆ ಲೆಕ್ಕ ಹಾಕಿ. 70 ಕೆ.ಜಿ. ವ್ಯಕ್ತಿಗೆ ಗಂಟೆಗೆ 4.6 ಗ್ರಾಂ, ದಿನಕ್ಕೆ ಸುಮಾರು 110 ಗ್ರಾಂ. 500 ಮಿ.ಗ್ರಾಂನ ಆಂಪ್ಯೂಲ್ ಆದರೆ 220 ಒಡೆಯಬೇಕು. ಆರೋಗ್ಯವಂತರ ದಿನದ ಅಗತ್ಯ 100 ಮಿ.ಗ್ರಾಂ ಒಳಗೆ. ಇಂಜೆಕ್ಷನ್ ಸೋಡಿಯಂ ಲವಣದ ರೂಪದಲ್ಲಿದ್ದರೆ ಪ್ರತಿ ಗ್ರಾಂ ಜೊತೆ ಸುಮಾರು 130 ಮಿ.ಗ್ರಾಂ ಸೋಡಿಯಂ ಒಳಹೋಗುತ್ತದೆ. 110 ಗ್ರಾಂ ಎಂದರೆ ನಾಲ್ಕು ಲೀಟರ್ ನಾರ್ಮಲ್ ಸಲೈನ್‌ನಲ್ಲಿರುವಷ್ಟು. ಮೆದುಳಿನ ಸಲುವಾಗಿ ಕೊಡುವ ಔಷಧಿಯ ಜೊತೆಗೇ ಇಷ್ಟು ಸೋಡಿಯಂ ಹೋಗುತ್ತಿದೆ ಎಂಬುದನ್ನು ದ್ರವದ ಪಟ್ಟಿಯಲ್ಲಿ ಬರೆದವರನ್ನು ಕಾಣುವುದು ಕಷ್ಟ.

ಇಷ್ಟು ಪ್ರಮಾಣದ ವಿಟಮಿನ್ ಮೂತ್ರದಲ್ಲಿ ಹೊರಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಚೀಲ ತುಂಬುತ್ತದೆ. ‘ಗಂಟೆಗೆ 80 ಮಿ.ಲೀ. ಬರುತ್ತಿದೆ, ದ್ರವ ಸಾಕು’ ಎಂದು ಡ್ರಿಪ್ ತಗ್ಗಿಸಿದರೆ ರಕ್ತನಾಳ ಒಣಗಿರುತ್ತದೆ, ಮೆದುಳಿಗೆ ರಕ್ತ ಇಳಿಯುತ್ತದೆ. ಹೀಗಾಗಿ ವಿಟಮಿನ್ ಸಿ ಹರಿಯುವಾಗ ಮೂತ್ರವೊಂದನ್ನೇ ನಂಬಬಾರದು. ರಕ್ತದೊತ್ತಡ, ಲ್ಯಾಕ್ಟೇಟ್, ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಸಾಧ್ಯವಿದ್ದರೆ ಹೃದಯದ ಎಕೋ, ಇವನ್ನು ಜೊತೆಗಿಟ್ಟುಕೊಂಡು ನಿರ್ಧರಿಸಬೇಕು.

ಇದಕ್ಕಿಂತ ದೊಡ್ಡ ಗಂಡಾಂತರ ಬೆರಳ ತುದಿಯ ಗ್ಲೂಕೋಮೀಟರ್‌ನದು. ಅದರ ಸ್ಟ್ರಿಪ್‌ನಲ್ಲಿ ಸಕ್ಕರೆ ಬಿಟ್ಟುಕೊಡುವ ಎಲೆಕ್ಟ್ರಾನ್‌ಗಳನ್ನು ಯಂತ್ರ ಎಣಿಸುತ್ತದೆ. ವಿಟಮಿನ್ ಸಿ ಕೂಡ ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತುವೇ. ಆಂಟಿಆಕ್ಸಿಡೆಂಟ್ ಎಂದರೆ ಅದೇ ತಾನೆ. ಬಹಳಷ್ಟು ಗ್ಲೂಕೋಮೀಟರ್‌ಗಳು ಎರಡನ್ನೂ ಸಕ್ಕರೆಯೆಂದೇ ಲೆಕ್ಕಕ್ಕೆ ಹಿಡಿಯುತ್ತವೆ. ಯಂತ್ರ 250 ತೋರಿಸುವಾಗ ನಿಜವಾದ ಸಕ್ಕರೆ 80 ಇರಬಹುದು. ಇನ್ಸುಲಿನ್ ಏರಿಸುತ್ತಾರೆ, ಸಕ್ಕರೆ 30ಕ್ಕೆ ಬೀಳುತ್ತದೆ, ಯಂತ್ರ ಆಗಲೂ 200 ಎನ್ನುತ್ತದೆ. ರೋಗಿ ನಿದ್ದೆಯ ಔಷಧಿಯಲ್ಲಿದ್ದಾರೆ, ಮೈತುಂಬ ಬ್ಯಾಂಡೇಜ್. ಬೆವರು, ನಡುಕ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮೆದುಳು ಕಾಪಾಡಲು ಹಾಕಿದ ಡ್ರಿಪ್‌ನಿಂದಲೇ ಮೆದುಳು ಸತ್ತುಹೋಗುವ ದಾರಿ ಇದು. ಅದಕ್ಕೆ ನಿಯಮ ಒಂದೇ: ವಿಟಮಿನ್ ಸಿ ಶುರುವಾದ ಗಳಿಗೆಯಿಂದ ನಿಂತ ಮೇಲೆ ಕನಿಷ್ಠ 24 ಗಂಟೆಯವರೆಗೆ, ಕಿಡ್ನಿ ಕುಂದಿದ್ದರೆ ಇನ್ನೂ ಹೆಚ್ಚು ದಿನ, ಹಾಸಿಗೆಯ ಪಕ್ಕದ ಗ್ಲೂಕೋಮೀಟರ್ ಮುಟ್ಟಬಾರದು. ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿ, ವಿಟಮಿನ್ ಸಿಗೆ ಮೋಸಹೋಗದ ಹೆಕ್ಸೊಕೈನೇಸ್ ವಿಧಾನದಲ್ಲಿ ನೋಡಿಸಬೇಕು. ಕೆಲವು ಬ್ಲಡ್ ಗ್ಯಾಸ್ ಯಂತ್ರಗಳೂ ಇದೇ ತಪ್ಪು ಮಾಡುತ್ತವೆ. ಹಾಗಾಗಿ ಡ್ರಿಪ್ ಶುರು ಮಾಡುವ ಮೊದಲೇ ಪ್ರಯೋಗಾಲಯದವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಮಂಚದ ತಲೆಗೆ ‘ಗ್ಲೂಕೋಮೀಟರ್ ಬಳಸಬೇಡಿ’ ಎಂದು ದೊಡ್ಡ ಅಕ್ಷರದ ಚೀಟಿ ಅಂಟಿಸುವುದು ಯಾವ ಕಂಪ್ಯೂಟರ್ ಎಚ್ಚರಿಕೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಿಡ್ನಿಯ ಮಾತೂ ಇದೆ. ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಒಡೆಯುತ್ತದೆ, ಹರಳುಗಟ್ಟಿ ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಕೂರುತ್ತದೆ. ಹೈಡ್ರಾಕ್ಸೊಕೊಬಾಲಮಿನ್ ಪಡೆದ ಸುಟ್ಟಗಾಯದ ರೋಗಿಗಳಲ್ಲೂ ಇದೇ ಹರಳು ಕಂಡ ವರದಿಗಳಿವೆ, ಎರಡೂ ಒಟ್ಟಾದಾಗ ಎಚ್ಚರ ಇಮ್ಮಡಿ ಇರಬೇಕು. ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ ಆಗಲೇ ಏರಿದ್ದರೆ, ಹಿಂದೆ ಆಕ್ಸಲೇಟ್ ಕಲ್ಲು ಆಗಿದ್ದರೆ ಈ ಡ್ರಿಪ್ ಬೇಡ. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಕೆಂಪುರಕ್ತಕಣಗಳೇ ಒಡೆದುಹೋಗುತ್ತವೆ. ಒಡೆದ ಕಣಗಳಿಂದ ಹೊರಬಿದ್ದ ಕಬ್ಬಿಣದ ಜೊತೆ ಸೇರಿದರೆ ವಿಟಮಿನ್ ಸಿ ತನ್ನ ಸ್ವಭಾವವನ್ನೇ ಬದಲಿಸಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಲು ನೆರವಾಗುತ್ತದೆ. ಆಳವಾದ ಸುಟ್ಟಗಾಯದಲ್ಲಿ ಕೆಂಪುರಕ್ತಕಣ ಒಡೆಯುವುದು ಸಾಮಾನ್ಯವಾದ್ದರಿಂದ ಇದು ಪುಸ್ತಕದ ಬದನೆಕಾಯಿಯಲ್ಲ.

ಸುಟ್ಟಗಾಯದ ಹೊರಗಿನ ದೊಡ್ಡ ಅಧ್ಯಯನಗಳೂ ಉತ್ಸಾಹ ತಗ್ಗಿಸಿವೆ. 2022ರಲ್ಲಿ ಪ್ರಕಟವಾದ ಲೋವಿಟ್ ಅಧ್ಯಯನದಲ್ಲಿ ನಂಜಿನ ರೋಗಿಗಳಿಗೆ 6 ಗಂಟೆಗೊಮ್ಮೆ ಕೆ.ಜಿ.ಗೆ 50 ಮಿ.ಗ್ರಾಂ ವಿಟಮಿನ್ ಸಿ ಕೊಟ್ಟಾಗ, 28ನೇ ದಿನಕ್ಕೆ ಸತ್ತವರು ಅಥವಾ ಅಂಗಾಂಗ ವೈಫಲ್ಯದಲ್ಲೇ ಉಳಿದವರು ಶೇ 44.5, ಕೊಡದ ಗುಂಪಿನಲ್ಲಿ ಶೇ 38.5. ಅಂದರೆ ಪಡೆದವರಿಗೇ ಹೆಚ್ಚು ಕೆಡುಕು. 2013ರ ರೆಡಾಕ್ಸ್ ಅಧ್ಯಯನದಲ್ಲಿ ಸೆಲೆನಿಯಂ, ಸತು, ವಿಟಮಿನ್ ಸಿ, ಇ ಎಲ್ಲವನ್ನೂ ಸೇರಿಸಿ ಕೊಟ್ಟರೂ ಲಾಭ ಕಾಣಲಿಲ್ಲ, ಗ್ಲುಟಮಿನ್ ಎಂಬ ಅಮೈನೋ ಆಮ್ಲ ಕೊಟ್ಟ ಗುಂಪಿನಲ್ಲಿ ಸಾವು ಹೆಚ್ಚಾಯಿತು. ಸುಟ್ಟಗಾಯದವರಲ್ಲೇ 1,200 ಜನರ ಮೇಲೆ ನಡೆದ ಗ್ಲುಟಮಿನ್ ಅಧ್ಯಯನ 2022ರಲ್ಲಿ ಬಂತು; ಬದುಕಿ ಮನೆಗೆ ಹೋಗುವ ದಿನ ಅದರಿಂದ ಹತ್ತಿರವಾಗಲಿಲ್ಲ. ನಂಜಿನ ರೋಗಿಗೂ ಮೊದಲ ದಿನದ ಸುಟ್ಟಗಾಯಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇವೆ. ಆದರೂ ‘ಕೊಟ್ಟರೆ ನಷ್ಟವೇನು’ ಎನ್ನುವ ಮಾತನ್ನು ಈ ಅಂಕಿಗಳ ನಂತರ ಯಾರೂ ಆಡಬಾರದು.

ಹಾಗಾದರೆ ಏನೂ ಬೇಡವೇ? ಬೇಕಾದದ್ದು ಒಂದಿದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಗಾಯದಿಂದ ಸೋರುವ ರಸದ ಜೊತೆ ತಾಮ್ರ, ಸತು, ಸೆಲೆನಿಯಂ ದಿನವೂ ಹೋಗುತ್ತವೆ. ದೇಹದ ಸ್ವಂತ ರಕ್ಷಣಾ ಕಿಣ್ವಗಳಾದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ಗೆ ತಾಮ್ರ ಮತ್ತು ಸತು ಬೇಕು, ಗ್ಲುಟಥಯೋನ್ ಪೆರಾಕ್ಸಿಡೇಸ್‌ಗೆ ಸೆಲೆನಿಯಂ ಬೇಕು. ಸೋರಿದ್ದನ್ನು ತುಂಬಿಕೊಡುವುದು ಪವಾಡದ ಮದ್ದಿಗಿಂತ ಬೇರೆಯ ಲೆಕ್ಕ. ಇದಕ್ಕೆ ಒಂದಷ್ಟು ಆಧಾರವಿದೆ, ಅಧ್ಯಯನಗಳು ಸಣ್ಣವಾದರೂ. ಸ್ವಿಟ್ಜರ್ಲೆಂಡ್‌ನ ಮೆಟ್ಟೆ ಬರ್ಗರ್ ಅವರ ತಂಡ ದಶಕಗಳ ಕಾಲ ಇದನ್ನೇ ಅಳೆದು ನೋಡಿದೆ: ದಿನಕ್ಕೆ ತಾಮ್ರ 3–4 ಮಿ.ಗ್ರಾಂ, ಸೆಲೆನಿಯಂ 300–500 ಮೈಕ್ರೊಗ್ರಾಂ, ಸತು 30–40 ಮಿ.ಗ್ರಾಂ ಸುಮಾರಿಗೆ. ಶೇ 20–40 ಸುಟ್ಟಿದ್ದರೆ 7–8 ದಿನ, ಶೇ 60ರವರೆಗೆ ಎರಡು ವಾರ, ಅದಕ್ಕೂ ಮೇಲಾದರೆ 30 ದಿನ. ನ್ಯುಮೋನಿಯಾದಂಥ ಸೋಂಕು ಕಡಿಮೆಯಾಗಿದೆ. ಸೋಂಕು ಕಡಿಮೆಯಾದರೆ ನಂಜಿನಿಂದ ಮೆದುಳು ಮಂಕಾಗುವುದೂ ಕಡಿಮೆಯಾದೀತು ಎಂಬುದು ನಮ್ಮ ತರ್ಕ, ನೇರ ಪುರಾವೆಯಲ್ಲ.

ಇದನ್ನು ಕೊಡುವ ಕ್ರಮದಲ್ಲೂ ಎಡವಟ್ಟುಗಳಿವೆ. ಮಾತ್ರೆಯಾಗಿ ಕೊಟ್ಟರೆ ಈ ಪ್ರಮಾಣವನ್ನು ಕರುಳು ಹೀರಿಕೊಳ್ಳದು. ಸತುವೇ ಜಾಸ್ತಿಯಾದರೆ ತಾಮ್ರವನ್ನು ಹೊರದಬ್ಬುತ್ತದೆ. ಬರೀ ಸತುವಿನ ಮಾತ್ರೆ ವಾರಗಟ್ಟಲೆ ಬರೆದುಕೊಟ್ಟು ತಾಮ್ರ ಮರೆತರೆ ಗಾಯ ಮಾಯುವುದು ನಿಲ್ಲುತ್ತದೆ, ನರಗಳೂ ಕೆಡುತ್ತವೆ. ಮೂರನ್ನೂ ಬೆರೆಸಿ, ಕುತ್ತಿಗೆಯ ದೊಡ್ಡ ರಕ್ತನಾಳದ ಕೊಳವೆಯಲ್ಲಿ ಎಂಟು ಹನ್ನೆರಡು ಗಂಟೆ ನಿಧಾನವಾಗಿ ಹರಿಸಬೇಕು. ಅದೇ ಬಾಟಲಿಗೆ ವಿಟಮಿನ್ ಸಿ ಬೆರೆಸಬಾರದು. ಸೆಲೆನಿಯಂ ರೂಪ ಕೆಟ್ಟು ತಳಕ್ಕೆ ಕೂರಬಹುದು, ತಾಮ್ರವಂತೂ ವಿಟಮಿನ್ ಸಿಯನ್ನೇ ಬೇಗ ಹಾಳುಮಾಡುತ್ತದೆ. ಜೊತೆಗೆ ಥಯಮಿನ್. ಕುಡಿತದ ಚಟ ಇದ್ದವರು, ಮೊದಲೇ ಸೊರಗಿದ್ದವರು ಸುಟ್ಟುಕೊಂಡು ಬಂದಾಗ ಗ್ಲೂಕೋಸ್‌ಗಿಂತ ಮೊದಲು ಥಯಮಿನ್ ಕೊಡದಿದ್ದರೆ ಗೊಂದಲ, ಕಣ್ಣಾಲಿ ತಿರುಗದಿರುವುದು, ತೂರಾಟದ ವರ್ನಿಕೆ ಕಾಯಿಲೆ ಬರಬಹುದು. ಅಗ್ಗದ, ಹಳೆಯ ಔಷಧಿ. ಮರೆತುಹೋಗುವುದೂ ಅದಕ್ಕೇ ಇರಬೇಕು.

ಆಂಟಿಆಕ್ಸಿಡೆಂಟ್ ಎಂದು ಹೇಳುವ ಉಳಿದ ಔಷಧಿಗಳ ಹೆಸರುಗಳನ್ನು ಬೇಗ ಮುಗಿಸಬಹುದು. ಎಡಾರವೋನ್ ಜಪಾನಿನಲ್ಲಿ 2001ರಿಂದ ಪಾರ್ಶ್ವವಾಯುವಿಗೆ ಬಳಕೆಯಲ್ಲಿದೆ, 30 ಮಿ.ಗ್ರಾಂ ದಿನಕ್ಕೆರಡು ಬಾರಿ. ಸುಟ್ಟಗಾಯದ ಮೆದುಳಿಗೆ ಅದು ಇನ್ನೂ ಪ್ರಯೋಗಾಲಯದ ಮಾತು, ಕಿಡ್ನಿ ಸರಿಯಿಲ್ಲದಿದ್ದರೆ ಅಪಾಯದ್ದು. ರಷ್ಯಾದಲ್ಲಿ ಮೆಕ್ಸಿಡಾಲ್, ಸೈಟೊಫ್ಲಾವಿನ್ ಬಳಸುತ್ತಾರೆ. ಬೇರೆ ಕಡೆ ಒಪ್ಪುವಂಥ ದೊಡ್ಡ ಪುರಾವೆ ಇಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಹೊಗೆಯಿಂದ ಸುಟ್ಟ ಶ್ವಾಸನಾಳಕ್ಕೆ ಹೆಪಾರಿನ್ ಜೊತೆ ನೆಬ್ಯುಲೈಸರ್‌ನಲ್ಲಿ ಹೋಗುತ್ತದೆ. ರಕ್ತನಾಳಕ್ಕೆ ಬೇಗ ಕೊಟ್ಟರೆ ಮೈ ಕೆಂಪೇರಿ ರಕ್ತದೊತ್ತಡ ಕುಸಿಯಬಹುದು. ಮೆಲಟೋನಿನ್ 4 ಮಿ.ಗ್ರಾಂ ಐಸಿಯು ಸನ್ನಿಯನ್ನು ತಡೆಯಲಿಲ್ಲ ಎಂದು 2022ರ ಅಧ್ಯಯನ ತೋರಿಸಿತು. ನಿದ್ದೆಗೆ ಕೊಡುವುದಾದರೆ ತಕರಾರಿಲ್ಲ, ಅದರಾಚೆ ನಿರೀಕ್ಷೆ ಬೇಡ.

ಹೊಗೆ ಕುಡಿದವರ ಮನೆಯವರಿಗೆ ಒಂದು ಮಾತು. ಕಾರ್ಬನ್ ಮೊನಾಕ್ಸೈಡ್‌ನಿಂದ ಸಂಪೂರ್ಣ ಚೇತರಿಸಿಕೊಂಡಂತೆ ಕಂಡವರಲ್ಲೂ 2ರಿಂದ 40 ದಿನದೊಳಗೆ ಮೆದುಳಿನ ತೊಂದರೆ ಹೊಸದಾಗಿ ಶುರುವಾಗಬಹುದು. ಮೆದುಳಿನ ಕೊಬ್ಬು ಆಕ್ಸಿಡೀಕರಣಗೊಳ್ಳುವುದೇ ಇದಕ್ಕೊಂದು ಕಾರಣವೆಂದು ತಿಳಿದಿದೆ, ಅದನ್ನು ತಡೆಯುತ್ತದೆಂದು ಸಾಬೀತಾದ ಮಾತ್ರೆ ಯಾವುದೂ ಇಲ್ಲ. ಮರೆವು, ಮುಖದಲ್ಲಿ ಭಾವವಿಲ್ಲದಿರುವುದು, ಹೆಜ್ಜೆ ಎಳೆದು ನಡೆಯುವುದು, ಮಾತು ಕಡಿಮೆಯಾಗುವುದು, ಬಟ್ಟೆಯಲ್ಲೇ ಮೂತ್ರ ಹೋಗುವುದು ಕಂಡರೆ ಆಘಾತದ ಮಂಕು, ಬೇಸರ ಎಂದು ಸುಮ್ಮನಾಗಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲ ದಿನದ ಕಾರ್ಬಾಕ್ಸಿಹಿಮೋಗ್ಲೋಬಿನ್ (ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್) ಅಂಕಿ ಬರೆಸಿಕೊಂಡು, ಆ ಚೀಟಿಯೊಂದಿಗೆ ನರರೋಗ ತಜ್ಞರ ಬಳಿ ಹೋಗಿ. ಎಂಆರ್‌ಐ ಬೇಕೇ ಎಂದು ನಿರ್ಧರಿಸಲು ಅವರಿಗೆ ಆ ಅಂಕಿ ಬೇಕಾಗುತ್ತದೆ.

– ಸುಟ್ಟಗಾಯ ಘಟಕದ ವೈದ್ಯರು ಮತ್ತು ದಾದಿಯರು